ಗೇಣು ಮಣ್ಣಿನ ಕಾಕಾ

ನಮ್ಮ ಮನೆಯವರ ಕಾಕಾ ಇಲ್ಲಿಯವರೆಗೆ ನೆಕ್ಕಿ ನೋಡಿದ ಮಣ್ಣನ್ನೆಲ್ಲ ನೆಕ್ಕದೆ ಹಾಗೇ ಬಿಟ್ಟಿದ್ದರೆ, ಅವರ ಹೊಲದಲ್ಲಿ ಇನ್ನೂ ಎರಡು ಬೆರಳು ಮಣ್ಣು ಹೆಚ್ಚಿಗೆ ಇರುತ್ತಿತ್ತು! ಇದು ನನ್ನ ಮಾತಲ್ಲ, ಅವರ ಹೆಂಡತಿಯ ಮಾತು. ನಾನು ದಿನಾ ಶಿವನ ಮುಂದೆ ದೀಪ ಹಚ್ಚಿ ಕೂಡುವವಳು, ಹಿರಿಯರ ಬಗ್ಗೆ ಹಾಗೆಲ್ಲ ಅನ್ನುವುದಿಲ್ಲ. ಆದರೆ ಕಾಕಿ ಅಂದದ್ದನ್ನು ಬರೆದರೆ ಏನು ಪಾಪ?

ಹಾಗಂತ ಕಾಕಾ ತಾಟಿನಲ್ಲಿ ಮಣ್ಣು ಬಡಿಸಿಕೊಂಡು ಉಣ್ಣುವವರು ಅಂದುಕೊಳ್ಳಬೇಡಿ. ಎರಡು ಬೆರಳಲ್ಲಿ ಚಿಟಿಕೆ ಎತ್ತಿ, ನಾಲಿಗೆಯ ತುದಿಗೆ ಮುಟ್ಟಿಸಿ, ಕಣ್ಣು ಮುಚ್ಚಿ, ನಾವು ಸಾರಿಗೆ ಉಪ್ಪು ನೋಡುವ ಹಾಗೆ ನೋಡುತ್ತಾರೆ, ಅಷ್ಟೇ. ಯಾವ ಊರಿಗೆ ಹೋದರೂ ಮೊದಲು ಇದು, ಆಮೇಲೆ ನೀರು, ಆಮೇಲೆ ನಮಸ್ಕಾರ. ಈಗ ಮೂರು ವರ್ಷದಿಂದ ಅವರ ಕೈಯಲ್ಲಿ ಉದ್ದದ ಕಬ್ಬಿಣದ ಸಲಾಕೆಯೂ ಬಂದಿದೆ. ತಮ್ಮ ಹೊಲದ ತುಂಬ ಅದನ್ನು ಚುಚ್ಚುತ್ತ ಆಳವಾದ ಒಂದೇ ಒಂದು ಜಾಗ ಹುಡುಕುತ್ತಿದ್ದಾರೆ. ನಿಧಿಗಾಗಿಯಲ್ಲ, ನೀರಿಗಾಗಿಯೂ ಅಲ್ಲ. ಹೆಂಡತಿಗಾಗಿ! ಅದನ್ನು ಹೇಳುವ ಮೊದಲು ಅವರು ನನ್ನನ್ನು ಪಾಸು ಮಾಡಿದ ಕತೆ ಹೇಳಿಬಿಡುತ್ತೇನೆ.

ನನ್ನ ತವರು ನರಗುಂದದ ಕಡೆ. ಎಲ್ಲಿ ನೋಡಿದರೂ ಕಪ್ಪು ಎರೆ ಭೂಮಿ. ಮಳೆ ಬಿದ್ದರೆ ಕಾಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿ, ಚಪ್ಪಲಿ ಹೊಲದಲ್ಲಿ, ನಾವು ಮನೆಯಲ್ಲಿ! ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಎಲ್ಲರೂ ಪಡಸಾಲೆಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ಒಬ್ಬರು ಮಾತ್ರ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ನಮ್ಮವ್ವ ಹಣಿಕಿ ನೋಡಿ ಹೌಹಾರಿ ಒಳಗೆ ಬಂದಳು.

"ಬೀಗರು ಮಣ್ಣ ತಿನ್ನಾಕತ್ತಾರ! ಉಪ್ಪಿಟ್ಟು ಅಷ್ಟ ಕೆಟ್ಟಾಗೇತೇನ?"

ಅಷ್ಟರಲ್ಲಿ ಕಾಕಾ ಕೈ ಝಾಡಿಸುತ್ತ ಒಳಗೆ ಬಂದು ಎಲ್ಲರೆದುರು ತೀರ್ಪು ಕೊಟ್ಟರು: "ಹುಡುಗಿ ಎರಿಯೊಳಗ ಬೆಳದಾಳ. ಒಮ್ಮೆ ಹತ್ತಿಕೊಂಡ್ಲಂದ್ರ ಬಿಡಾಕಿ ಅಲ್ಲ. ಮುಗಸ್ರಿ!"

ನನಗೆ ಹಾಡು ಬರುತ್ತದೋ, ರೊಟ್ಟಿ ಬರುತ್ತದೋ ಯಾರೂ ಕೇಳಲೇ ಇಲ್ಲ. ಶಿವನ ದಯೆ, ಆಗ ನನಗೆ ಎರಡೂ ನೆಟ್ಟಗೆ ಬರುತ್ತಿರಲಿಲ್ಲ.

ಹೀಗೆ ನಾನು ಗಜೇಂದ್ರಗಡಕ್ಕೆ ಬಂದೆ. ನಮ್ಮ ಮನೆಗೂ ಕಾಕಾನ ಮನೆಗೂ ನಡುವೆ ಒಂದೇ ಗೋಡೆ, ಗೋಡೆಯಲ್ಲೊಂದು ಕಿಂಡಿ. ಮೊಸರು, ಒಗ್ಗರಣೆ ಸೊಪ್ಪು, ಜಗಳ ಎಲ್ಲವೂ ಅದರಲ್ಲೇ ಓಡಾಡುತ್ತವೆ. ಅಣ್ಣತಮ್ಮಂದಿರ ಪಾಲಾದಾಗ ನಮ್ಮ ಮಾವನವರಿಗೆ ಯಾವಗಲ್ ಕಡೆಯ ಎರೆ ಹೊಲ, ಕಾಕಾನಿಗೆ ಗುಡ್ಡದ ಬುಡದ ನಾಲ್ಕೆಕರೆ. ಪಾಪ, ಮೋಸವಾಯಿತು ಅನ್ನಬೇಡಿ. ಹಿರಿಯರು ಯಾವುದು ಬೇಕು ಅಂತ ಮೊದಲು ಕೇಳಿದ್ದು ಕಾಕಾನನ್ನೇ. ಅವರು ಎರಡೂ ಮಣ್ಣು ನೆಕ್ಕಿ, "ಎರಿ ಸವಳ ಐತಿ, ಉಪ್ಪುಪ್ಪ. ಇದು ಸಪ್ಪಗ ಛಲೋ ಐತಿ," ಅಂತ ಇದನ್ನು ಆರಿಸಿಕೊಂಡರಂತೆ! ಕಾಕಿ ಇವತ್ತಿಗೂ ಅನ್ನುತ್ತಾರೆ: "ಮಂದಿ ಹೊಲಾ ಕಣ್ಣಿಂದ ನೋಡ್ತಾರ. ನಿಮ್ಮ ಕಾಕಾ ನಾಲಿಗಿಂದ ನೋಡಿದ. ಹಿಂಗಾಗಿ ನಾಲ್ಕೆಕರೆ ಕಲ್ಲ ಬಂತು, ಮ್ಯಾಲ ಒಂದ ಬುಟ್ಟಿ ಮಣ್ಣ."

ಬುಟ್ಟಿ ಅನ್ನುವುದು ಸ್ವಲ್ಪ ಹೆಚ್ಚಾಯಿತು. ಆದರೆ ಭಾಳ ಹೆಚ್ಚಲ್ಲ. ಆ ಹೊಲದ ಅಡಿಗೆ ಗುಡ್ಡದ ಮರಳುಗಲ್ಲೇ ಹಾಸಿಕೊಂಡು ಮಲಗಿದೆ. ಬಿಸಿಲಿಗೆ, ಗಾಳಿಗೆ, ಮಳೆಗೆ ಅದೇ ಕಲ್ಲು ಸವೆದು ಉದುರಿ ಮೇಲೆ ಕೆಂಪು ಮರಳು ಮಣ್ಣಾಗಿದೆ, ನಾವು ಮಸಾರಿ ಅನ್ನುತ್ತೇವಲ್ಲ, ಅದು. ಕಂಜೂಸಿ ಅತ್ತೆ ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ, ಎಲ್ಲ ಕಡೆ ಸವರಿದೆ, ಎಲ್ಲೂ ದಪ್ಪಗಿಲ್ಲ. ಹೆಚ್ಚೆಂದರೆ ಗೇಣು, ಕೆಲವು ಕಡೆ ನಾಲ್ಕು ಬೆರಳು, ಕೆಲವು ಕಡೆ ಕಲ್ಲೇ ಮಂಡಿಯ ಹಾಗೆ ಹೊರಗೆ ಬಂದಿದೆ. ನೀರು ಹಾಕಿದರೆ ಜರಡಿಗೆ ಹಾಕಿದ ಹಾಗೆ. ಮುಂಜಾನೆ ಮಳೆ ಬಿದ್ದರೆ ಮಧ್ಯಾಹ್ನಕ್ಕೆ ಆ ಹೊಲ "ಯಾವ ಮಳಿ?" ಅಂತ ಕೇಳುತ್ತದೆ! ಅಲ್ಲಿರುವ ಒಂದೇ ಬೇವಿನ ಮರ ಕೆಳಗೆ ಬೇರು ಬಿಡಲು ಜಾಗವಿಲ್ಲದೆ ಪಕ್ಕದವರ ಹೊಲಕ್ಕೆ ಬಿಟ್ಟಿದೆ. ಆಡು ಕಟ್ಟಲು ಗೂಟ ಇಳಿಯುವುದಿಲ್ಲ, ಕಲ್ಲಿಗೇ ಕಟ್ಟಬೇಕು. ಒಂದು ವರ್ಷ ಸಜ್ಜೆಗೆ ಹಕ್ಕಿಗಳ ಕಾಟವೆಂದು ಬೆದರುಬೊಂಬೆ ನಿಲ್ಲಿಸಿದರು. ಗಾಳಿ ಬಂದಾಗಲೆಲ್ಲ ಅದು ಸಾಷ್ಟಾಂಗ ನಮಸ್ಕಾರ ಹಾಕುತ್ತಿತ್ತು. ಕೊನೆಗೆ ಕಾಕಾ ತಾವೇ ಅಂಗಿ ಬಿಚ್ಚಿ, ಕೈ ಚಾಚಿ, ಎರಡು ದಿನ ನಿಂತರು. ಮೂರನೆಯ ದಿನ ಒಂದು ಗುಬ್ಬಿ ಬಂದು ಅವರ ರುಮಾಲಿನ ಮೇಲೆ ಕೂತಿತು!

"ಹೋಗ್ಲಿ ಬಿಡ್ರಿ," ಅಂದರು ಕಾಕಿ. "ಅದಕ್ಕರ ನಿಮ್ಮ ಕಿಮ್ಮತ್ತು ಗೊತ್ತಾತು."

ಇಂಥ ಹೊಲದಲ್ಲಿ ಆಳದ ಜಾಗ ಹುಡುಕುವುದೆಂದರೆ ಬೋಳುತಲೆಯಲ್ಲಿ ಹೆರಳು ಹುಡುಕಿದ ಹಾಗೆ. ಆದರೂ ಹುಡುಕುವ ಪ್ರಸಂಗ ಬಂತು.

ಮೂರು ವರ್ಷದ ಹಿಂದೆ ಕಾಕಿಗೆ ಒಮ್ಮೆಲೆ ಎದೆ ಹಿಡಿದುಕೊಂಡಿತು. ಗದಗಿನ ದವಾಖಾನೆಯಲ್ಲಿ ಎಂಟು ದಿನ. ಆ ಎಂಟು ದಿನ ಕಾಕಾ ಯಾವ ಮಣ್ಣನ್ನೂ ಮುಟ್ಟಲಿಲ್ಲ, ನಾನು ನೋಡಿದ್ದೇನೆ. ಶಿವ ನಡೆಸಿದ, ಕಾಕಿ ಮನೆಗೆ ಬಂದರು. ಬಂದು ಕೂತವರು ಮೊದಲು ಕೇಳಿದ್ದು ಚಹಾ. ಎರಡನೆಯದು, "ನನಗ ಮಣ್ಣ ಎಲ್ಲಿ ಕೊಡ್ತೀರಿ?"

ನಮ್ಮ ಮನೆಯವರು ಗಾಬರಿಯಲ್ಲಿ ಅಂದರು: "ಈಗ್ಯಾಕ ಆ ಮಾತ, ಕಾಕಿ? ಎಲ್ಲಾರಿಗೂ ಕೊಡೂ ಜಾಗಾ ಐತೆಲ್ಲ."

"ಅಲ್ಲಿ ಬ್ಯಾಡ. ಅದು ಎರಿ ಜಾಗಾ. ಮಳಿಗಾಲ ಪೂರಾ ನೀರ ಹಿಡಕೊಂಡ ಕುಂದರತೈತಿ. ನನಗ ಮೊದ್ಲ ಥಂಡಿ ಆಗಿ ಬರಂಗಿಲ್ಲ."

"ಅಯ್ಯ, ಆವಾಗ ಎಲ್ಲಿ ಥಂಡಿ ಬರತೈತಿ?"

"ನೀ ಹೋಗಿ ನೋಡಿ ಬಂದೀಯೇನ?"

ಕಾಕಿ ಮುಂದುವರಿಸಿದರು: "ನನ್ನ ನಮ್ಮ ಹೊಲದಾಗ ಇಡ್ರಿ. ಮಸಾರಿಯೊಳಗ ನೀರ ನಿಲ್ಲಂಗಿಲ್ಲ, ಬೆಚ್ಚಗಿರತೈತಿ. ಇಷ್ಟ ವರ್ಷ ಆ ಕಲ್ಲನ್ಯಾಗ ದುಡದೇನಿ, ಕುಂದರಾಕರ ಜಾಗಾ ಕೊಡಲಿ."

ಕುಂದರಾಕ ಅಂದದ್ದು ಸುಮ್ಮನೆ ಅಲ್ಲ. ನಮ್ಮಲ್ಲಿ ಹೋದವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಪೂಜೆಗೆ ಕೂತ ಹಾಗೆ ಕೂಡಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡುತ್ತೇವೆ. ಅದಕ್ಕೆ ಒಂದಾಳು ಮುಳುಗುವಷ್ಟು ಆಳದ ಕುಣಿ ಬೇಕು. ಒಂದಾಳು ಎಲ್ಲಿ, ಒಂದು ಗೇಣು ಎಲ್ಲಿ! ಎಲ್ಲರೂ ಕಾಕಾನ ಮುಖ ನೋಡಿದೆವು. ಅವರು ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಪೇಟೆಯ ವೆಲ್ಡಿಂಗ್ ಅಂಗಡಿಗೆ ಹೋದರು.

ಆ ಅಂಗಡಿಯ ಚಾಚಾ ಮತ್ತು ನಮ್ಮ ಕಾಕಾ ಸಾಲಿಯಲ್ಲಿ ಒಂದೇ ಬೆಂಚು. ಚಾಚಾ ಮೂರು ಮೊಳದ ಸಲಾಕೆಗೆ ತುದಿ ಚೂಪು ಮಾಡಿ, ಮೇಲೆ ಹಿಡಿಕೆ ಬೆಸೆದು, ಗೇಣಿಗೊಂದು ಗುರುತು ಹಾಕಿಕೊಟ್ಟರು. ಒಂದು ತಿಂಗಳಿಗೆ ಕಾಕಾ ಮತ್ತೆ ಹೋಗಿ, ಸಾಲದು, ಉದ್ದ ಮಾಡು ಅಂದರು. ಚಾಚಾ ಒಂದು ಮೊಳ ಬೆಸೆದರು. ದೀಪಾವಳಿಗೆ ಮತ್ತೊಂದು ಮೊಳ. ಯುಗಾದಿಗೆ ಇವರು ಮತ್ತೆ ಹೋಗಿ ನಿಂತಾಗ ಚಾಚಾ ಕೈ ಮುಗಿದೇಬಿಟ್ಟರು.

"ದೋಸ್ತ, ಸಲಾಕಿ ಉದ್ದ ಮಾಡಿದ್ರ ಮಣ್ಣ ಆಳ ಆಗೂದಿಲ್ಲೋ!"

"ನೀ ಬೆಸಿ. ಮಣ್ಣಿಂದು ನಾ ನೋಡ್ಕೋತೀನಿ."

ಅಂದಿನಿಂದ ಕಾಕಾನ ದಿನಚರಿ ಒಂದೇ. ಮುಂಜಾನೆ ಹೊಲಕ್ಕೆ ಹೋಗುವುದು, ಹೊಲವನ್ನು ಕೌದಿ ಹೊಲಿದ ಹಾಗೆ ಸಾಲಾಗಿ ಚುಚ್ಚುವುದು, ಹೊತ್ತು ಏರಿದಾಗ ಮನೆಗೆ ಬರುವುದು. ಬಾಗಿಲಲ್ಲಿ ಕಾಕಿ.

"ಸಿಕ್ತೇನ್ರಿ?"

"ಇಲ್ಲ. ಕಲ್ಲ."

"ಎಷ್ಟಕ್ಕ?"

"ಗೇಣಿಗೆ."

"ಹಂಗಾರ ಕೈಕಾಲ ತೊಳಕೊಂಡ ಬರ್ರಿ, ರೊಟ್ಟಿ ಬಿಸಿ ಅದಾವ."

ಕಿಂಡಿಯ ಈ ಕಡೆ ನಿಂತು ಕೇಳುವ ನನಗೆ, ಹೊರಗಿನವರು ಯಾರಾದರೂ ಈ ಮಾತು ಕೇಳಿದರೆ ಏನು ಅಂದುಕೊಂಡಾರು ಅಂತ ಭಯ. ಒಂದು ಸಲ ಕೇಳಿಯೂಬಿಟ್ಟರು! ನಮ್ಮ ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿಪಂಖಗಳು ನಿಂತಿರುವುದು ನೀವು ಬಸ್ಸಿನಿಂದಲೇ ನೋಡಿರುತ್ತೀರಿ. ಹೊಸದೊಂದನ್ನು ನಿಲ್ಲಿಸಲು ಜಾಗ ಪರೀಕ್ಷೆ ಮಾಡಲು ಎಳೆ ವಯಸ್ಸಿನ ಎಂಜಿನಿಯರ್ ಒಬ್ಬ ಯಂತ್ರದ ಸಮೇತ ಬಂದಿದ್ದ, ದಕ್ಷಿಣದ ಕಡೆಯವನು. ಅವನ ಯಂತ್ರ ಗುರ್ ಅನ್ನುವುದಕ್ಕಿಂತ ಮೊದಲೇ ಕಾಕಾ ಸಲಾಕೆ ಊರಿ, "ಇಲ್ಲೆ ಒಂದ ಗೇಣ, ಮ್ಯಾಲ ಎರಡ ಬೆರಳ," ಅಂದರು. ಯಂತ್ರವೂ ಅಷ್ಟೇ ಹೇಳಿತು. ಮೂರು ಕಡೆ ಹೀಗೇ ಆಯಿತು. ಹುಡುಗ ಬೆರಗಾಗಿ ಕಾಕಾನ ಭಕ್ತನಾದ. ಸಮಯ ನೋಡಿ ಕಾಕಾ ಕೇಳಿದರು:

"ಸಾಹೇಬ್ರ, ನಮ್ಮ ಹೊಲದಾಗ ಒಂದೆರಡ ಕಡೆ ನಿಮ್ಮ ಮಶೀನ ಇಳಿಸಿ ನೋಡ್ತೀರೇನ? ಆಳ ಬೇಕಾಗೇತಿ."

"ಬೋರ್‌ವೆಲ್‌ಗಾ ಅಜ್ಜಾ?"

"ಅಲ್ರಿ. ನಮ್ಮ ಮನಿಯಾಕಿನ್ನ ಇಡಬೇಕ."

ಹುಡುಗನ ಮುಖ ಸಣ್ಣದಾಯಿತು. ಟೊಪ್ಪಿಗೆ ತೆಗೆದ. "ಅಯ್ಯೋ, ಕ್ಷಮಿಸಿ ಅಜ್ಜಾ, ಗೊತ್ತಿರಲಿಲ್ಲ. ಯಾವಾಗ ಹೋದರು?"

"ಎಲ್ಲಿ ಹೋಗ್ಯಾಳ? ಅಕಾ, ನಿಮಗ ಚಾ ತಗೊಂಡ ಬರಾಕತ್ತಾಳ ನೋಡ್ರಿ!"

ಕಾಕಿ ಕಿಟ್ಲಿ ಹಿಡಿದು ನಗುನಗುತ್ತ ಬರುತ್ತಿದ್ದರು. ಆ ಹುಡುಗ ಕುಡಿದ ಚಹಾದಲ್ಲಿ ಅರ್ಧ ಅಂಗಿಗೆ ಹೋಯಿತು. ಮರುದಿನ ಅವನು ಯಂತ್ರವನ್ನು ಗುಡ್ಡದ ಆ ಕಡೆಯಿಂದ ಸುತ್ತು ಹಾಕಿ ತೆಗೆದುಕೊಂಡು ಹೋದದ್ದು ಚಹಾ ಕಾರಣಕ್ಕೋ, ಕಾಕಿ ಅವನ ಎತ್ತರವನ್ನು ಕಣ್ಣಿನಿಂದಲೇ ಅಳೆದು, "ಒಂದಾಳಂದ್ರ ನಿನ್ನಷ್ಟ ನೋಡಪಾ," ಅಂದ ಕಾರಣಕ್ಕೋ, ಶಿವನೇ ಬಲ್ಲ.

ಎಳ್ಳ ಅಮಾವಾಸ್ಯೆಯ ಕತೆಯೂ ಇದೆ. ಅವತ್ತು ನಮ್ಮ ಕಡೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ಮಾಡಿ, ಎಡೆಯಲ್ಲೇ ಒಂದಿಷ್ಟನ್ನು ಹೊಲದ ತುಂಬ ಚರಗವೆಂದು ಚೆಲ್ಲಿ ಊಟ ಮಾಡುತ್ತೇವೆ. ಜಕ್ಕಲಿಯಿಂದ ಕಾಕಾನ ಬೀಗರೂ ಬಂದಿದ್ದರು. ಬೀಗತಿ ತೂಕಸ್ತರು, ಜೊತೆಗೆ ಹೊಸ ಇಳಕಲ್ ಸೀರೆ. ಅವರು ಹೊಲದಲ್ಲಿ ಕಾಲಿಡುತ್ತಲೇ ಕಾಕಾ ಕೂಗಿದರು: "ಅಲ್ಲಿ ತುಳೀಬ್ಯಾಡ್ರಿ! ಅದು ಮಣ್ಣಿನ ತೊಗಲು!"

ಖರೇ ಹೇಳಬೇಕೆಂದರೆ ಆ ಮರಳು ಮಣ್ಣಿನ ಮೇಲೆ ಅಲ್ಲಲ್ಲಿ ಕಪ್ಪು ಸೀಕಲಿನಂಥ ತೆಳು ಪದರ ಇದೆ. ಒಣಗಿದ್ದಾಗ ಹೊತ್ತಿದ ರೊಟ್ಟಿಯ ಹಾಗೆ, ನಾಲ್ಕು ಹನಿ ಬಿದ್ದರೆ ಪಾಚಿಯ ಹಾಗೆ ಹಸಿರು. ಅದು ಇರುವುದರಿಂದಲೇ ಮಣ್ಣು ಗಾಳಿಗೆ ಹಾರದೆ ನಿಂತಿದೆಯಂತೆ, ಒಮ್ಮೆ ತುಳಿದರೆ ಮತ್ತೆ ಕೂಡಲು ವರ್ಷಗಟ್ಟಲೆ ಬೇಕಂತೆ. ಸರಿ, ಬೀಗತಿ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ, ಅಲ್ಲಿಂದ ಮತ್ತೊಂದಕ್ಕೆ, ಕೈಯಲ್ಲಿ ಕಡುಬಿನ ಡಬ್ಬಿ ಹಿಡಿದು ಹಾರುತ್ತ ಹೊರಟರು. ಹಿಂದೆ ನಾವು ಹದಿನಾಲ್ಕು ಮಂದಿ, ಆಡಿನ ಸಾಲಿನ ಹಾಗೆ. ಬೇವಿನ ಮರ ಮುಟ್ಟುವ ಹೊತ್ತಿಗೆ ಬೀಗತಿ ಏದುಸಿರು ಬಿಡುತ್ತ ಅಂದರು: "ಯಕ್ಕಾ, ನಿಮ್ಮ ಯಜಮಾನ್ರ ಹೊಲಕ್ಕ ಬರೂದಕ್ಕಿಂತ ಗುಡ್ಡಾ ಹತ್ತೂದು ಹಗೂರ!"

"ನಾ ಹೆಂಗ ಸಂಸಾರಾ ಮಾಡೇನಿ ಈಗ ತಿಳೀತಿಲ್ಲ?" ಅಂದರು ಕಾಕಿ.

ಊಟಕ್ಕೆ ಕೂತಾಗ ಮಾತು ಮತ್ತೆ ಅಲ್ಲಿಗೇ ಬಂತು. ನಮ್ಮ ಮನೆಯವರು ವ್ಯವಹಾರಸ್ಥರು. "ಹುಡುಕೂದ್ಯಾಕ ಕಾಕಾ? ಬೆಳವಣಕಿಯಿಂದ ಹತ್ತ ಟ್ರ್ಯಾಕ್ಟರ್ ಎರಿ ಮಣ್ಣ ಹೇರಿಸಿಕೊಂಡ ಬಂದು ಒಂದ ಕಡೆ ಒಟ್ಟೂಣು. ಬೇಕಾದಷ್ಟ ಆಳ ಆಕ್ಕೈತಿ," ಅಂದರು.

ಕಾಕಾ ತಲೆ ಅಲ್ಲಾಡಿಸಿದರು. "ಈ ಕಲ್ಲಿನ ಮ್ಯಾಲ ಹೊರಗಿನ ಮಣ್ಣ ನಿಲ್ಲಂಗಿಲ್ಲೋ. ಮೊದಲ ಮಳಿಗೆ ತೊಳಕೊಂಡ ಹೊಕ್ಕೈತಿ."

ಕಾಕಿ ಕಡುಬು ಮುರಿಯುತ್ತಿದ್ದ ಕೈ ನಿಲ್ಲಿಸಿದರು. "ನಾನೂ ಬೆಳವಣಕಿಯಾಕಿನ. ನಲವತ್ತೈದ ವರ್ಷ ಆತು. ತೊಳಕೊಂಡ ಹೋಗೇನೇನ್ರಿ?"

ಹದಿನಾಲ್ಕು ಮಂದಿಯೂ ಕಾಕಾನ ಕಡೆ ನೋಡಿದೆವು. ಕಾಕಾ ಅರ್ಧ ಊಟ ಬಿಟ್ಟು ಎದ್ದರು. ಸಲಾಕೆ ಹೆಗಲಿಗೇರಿಸಿ ಗುಡ್ಡದ ಕಡೆ ನಡೆದರು. ಅವತ್ತು ಹೊತ್ತು ಮುಳುಗುವವರೆಗೂ ಟಣ್, ಟಣ್ ಅನ್ನುವ ಸಪ್ಪಳ ಕೇಳುತ್ತಲೇ ಇತ್ತು. ಕಲ್ಲಿಗೆ ಕಬ್ಬಿಣ ಬಡಿಯುವ ಸಪ್ಪಳ.

ನಾನು ರಾತ್ರಿ ಮಲಗುವ ಮೊದಲು ದೇವರ ಮುಂದೆ ಅವತ್ತಿನ ಉಪಕಾರಗಳನ್ನು ಬೆರಳು ಮಡಚಿ ಎಣಿಸುತ್ತೇನೆ. ಹಾಲು ಒಡೆಯಲಿಲ್ಲ, ಒಂದು. ನಲ್ಲಿಗೆ ನೀರು ಬಂತು, ಎರಡು. ಕಾಕಿ ಎರಡು ರೊಟ್ಟಿ ಉಂಡರು, ಮೂರು. ಕೊನೆಗೆ ಒಂದು ಬೇಡಿಕೆ ಇರುತ್ತಿತ್ತು: ಶಿವನೇ, ಆ ಮುದುಕನಿಗೆ ಒಂದಾಳು ಮಣ್ಣು ಸಿಗಲಿ, ಆ ಮುದುಕಿಯ ಆಸೆ ಕಲ್ಲಾಗದಿರಲಿ.

ಈ ಶ್ರಾವಣದಲ್ಲಿ ಒಂದು ದಿನ ಕಾಕಿಗೆ ಮೊಣಕಾಲು ನೋವೆಂದು ಕಾಕಾನ ಬುತ್ತಿ ನಾನು ತೆಗೆದುಕೊಂಡು ಹೋದೆ. ಹಿಂದಿನ ದಿನ ಮಳೆಯಾಗಿತ್ತು. ಹೊಲ ಆಗಲೇ ಒಣಗಿ ಮುಗ್ಧ ಮುಖ ಮಾಡಿಕೊಂಡಿತ್ತು. ಕಲ್ಲಿನಿಂದ ಕಲ್ಲಿಗೆ ಹೆಜ್ಜೆ ಹಾಕುತ್ತ ಹೊರಟೆ. ಕಾಕಾ ಎಲ್ಲೂ ಕಾಣಲಿಲ್ಲ, ಸಪ್ಪಳವೂ ಇಲ್ಲ. ಮೇಲಿನ ಬದಿಯಲ್ಲಿ ಎರಡು ದೊಡ್ಡ ಬಂಡೆಗಳ ನಡುವೆ ಕಾರೆಮುಳ್ಳಿನ ಕಂಟಿಯ ಹಿಂದೆ ಅವರ ರುಮಾಲು ಕಂಡಿತು. ಅಲ್ಲಿನ ಹುಲ್ಲು ಮಾತ್ರ ಮೊಣಕಾಲೆತ್ತರ, ಎಳೆ ಹಸಿರು. ಹುಲ್ಲು ಹಸಿರಿದ್ದಲ್ಲಿ ಮಣ್ಣು ಆಳ ಅಂತ ನನಗೆ ಕಲಿಸಿದವರು ಇವರೇ. ಗುಡ್ಡದ ನೀರು ಇಷ್ಟು ಕಾಲದಿಂದ ಮರಳನ್ನೆಲ್ಲ ತಂದು ಆ ಬಿರುಕಿನಲ್ಲಿ ತುಂಬಿಸುತ್ತ ಬಂದಿರಬೇಕು.

ಕಾಕಾ ಸಲಾಕೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುವುತ್ತಿದ್ದರು. ಅದು ಇಳಿಯುತ್ತಿತ್ತು. ಒಂದು ಗುರುತು, ಎರಡು, ಐದು, ಏಳು. ಚಾಚಾ ಬೆಸೆದ ಗಂಟುಗಳೆಲ್ಲ ಒಂದೊಂದಾಗಿ ಮಣ್ಣಿನೊಳಗೆ ಹೋದವು. ಟಣ್ ಅನ್ನಲೇ ಇಲ್ಲ. ಕೊನೆಗೆ ಹಿಡಿಕೆ ಹುಲ್ಲಿಗೆ ಮುಟ್ಟಿತು.

"ಸಿಕ್ತಲ್ರಿ ಕಾಕಾರ!" ಅಂತ ನಾನು ಬುತ್ತಿ ಗಂಟು ಬಿಟ್ಟು ಕೈ ಮುಗಿದುಬಿಟ್ಟೆ. "ಶಿವಾ, ಅಂತೂ ಸಿಕ್ತಲ್ರಿ!"

ಅವರು ಬೆಚ್ಚಿಬಿದ್ದು ತಿರುಗಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಸಲಾಕೆಯನ್ನು ಸರ್ರನೆ ಎಳೆದು, ತೂತನ್ನು ಹಿಮ್ಮಡಿಯಿಂದ ಒತ್ತಿ ಮುಚ್ಚಿದರು.

"ಬಾಯಿ ಮುಚ್ಚ ತಂಗಿ. ಯಾರರ ಕೇಳ್ಯಾರು."

"ಯಾಕ್ರಿ? ಕಾಕಿಗೆ ಹೇಳೂಣ್ರಿ. ಎಷ್ಟ ಸಂತೋಷ ಪಡ್ತಾರ!"

"ಇದು ಸಿಕ್ಕು ಎರಡ ವರ್ಷ ಆತು."

ಎರಡು ವರ್ಷ! ಆ ಟಣ್ ಟಣ್, ಬಾಗಿಲಲ್ಲಿ ನಿಂತು ದಿನಾ ಹೇಳುವ ಆ ಸುಳ್ಳು!

ಕಾಕಾ ಬಂಡೆಗೆ ಒರಗಿ ಕೂತರು. ರೂಢಿಯಂತೆ ಒಂದು ಚಿಟಿಕೆ ಮಣ್ಣು ಎತ್ತಿದರು, ಆದರೆ ನಾಲಿಗೆಗೆ ಒಯ್ಯಲಿಲ್ಲ. ಬೆರಳ ಸಂದಿಯಿಂದ ಉದುರಲು ಬಿಟ್ಟರು.

"ನಿಮ್ಮ ಕಾಕಿದು ನಿನಗ ಗೊತ್ತಿಲ್ಲೇನ? ಹತ್ತ ಗಂಟೆ ಬಸ್ಸಿಗೆ ಒಂಬತ್ತಕ್ಕ ಹೋಗಿ ಸ್ಟ್ಯಾಂಡಿನ್ಯಾಗ ನಿಂದರಾಕಿ. ಜಾಗಾ ತಯಾರ ಐತಿ ಅಂದ್ರ ಆಕಿ ಮನಿಯಾಗ ಕುಂತಾಳೇನ? ಗಂಟ ಕಟ್ಟಿಕೊಂಡ ಹೊಂಟಬಿಡ್ತಾಳ." ರುಮಾಲಿನಿಂದ ಮುಖ ಒರೆಸಿಕೊಂಡರು. "ಸಿಗೂತನಾ ಇರತಾಳ. ಅದಕ್ಕ ಸಿಗವಲ್ದು."

ನಾನು ಬುತ್ತಿ ಬಿಚ್ಚಿದೆ. ಅವರು ಮಡಕೆ ಕಾಳಿನ ಪಲ್ಯದಲ್ಲಿ ಉಪ್ಪು ಕಡಿಮೆಯಾಗಿದೆ ಅಂದರು. ಆಗಿರಲಿಲ್ಲ. ಸುಮ್ಮನೆ ಅಂದರು.

ಮನೆಗೆ ಬಂದಾಗ ಕಾಕಿ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಕೌದಿಯ ಕೊನೆಯ ಅಂಚು ಹೊಲಿಯುತ್ತಿದ್ದರು. ಸೂಜಿ ಹಿಡಿದ ಕೈ ಎತ್ತಿ, "ಸಿಕ್ತಂತೇನ?" ಅಂದರು.

ಇಷ್ಟು ವರ್ಷ ದೇವರ ಮುಂದೆ ಕೂತವಳು ನಾನು. ನಾಲಿಗೆ ತಡೆಯುತ್ತದೆ ಅಂದುಕೊಂಡಿದ್ದೆ. ಒಂದಿಷ್ಟೂ ತಡೆಯಲಿಲ್ಲ!

"ಇಲ್ಲಂತ್ರಿ ಕಾಕಿ. ಬರೇ ಕಲ್ಲ."

"ಎಷ್ಟಕ್ಕ?"

"ಗೇಣಿಗೆ ಅಂತ್ರಿ."

ಕಾಕಿ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ದಾರ ಹಲ್ಲಿನಿಂದ ಕಡಿದು, ಕೌದಿ ಝಾಡಿಸಿ ಮಡಚಿಟ್ಟರು. "ಹಂಗಾರ ಇನ್ನೊಂದ ಕೌದಿ ಹಿಡೀತೀನಿ. ನಿಮ್ಮಲ್ಲಿ ಹಳೀ ಸೀರಿ ಇದ್ರ ಕೊಡವ್ವಾ. ಒಂದ ವರ್ಷದ ಕೆಲಸ."

ಆ ರಾತ್ರಿ ದೇವರ ಮುಂದೆ ಕೂತು, ನನ್ನ ಸುಳ್ಳನ್ನು ಪಾಪದ ಕಡೆ ಇಡಲೋ ಉಪಕಾರದ ಕಡೆ ಇಡಲೋ ತಿಳಿಯದೆ, ಶಿವನಿಗೇ ಬಿಟ್ಟೆ. ಬೇಡಿಕೆಯನ್ನಂತೂ ಬದಲಿಸಿದೆ.

ಇದನ್ನೆಲ್ಲ ಅಚ್ಚು ಹಾಕಿಸಿದರೆ ಕಾಕಿಗೆ ಗೊತ್ತಾಗುವುದಿಲ್ಲವೇ ಅಂತ ನೀವು ಕೇಳಬಹುದು. ಅವರಿಗೆ ಕನ್ನಡಕ ಹಾಕಿದರೂ ಸಣ್ಣ ಅಕ್ಷರ ಕಾಣುವುದಿಲ್ಲ, ಓದಿ ಹೇಳುವವಳು ನಾನೇ. ಮಣ್ಣು ನೆಕ್ಕಿದ್ದು, ಗುಬ್ಬಿ ಕೂತದ್ದು, ಎಂಜಿನಿಯರನ ಚಹಾ, ಬೀಗತಿಯ ಜಿಗಿತ, ಎಲ್ಲ ಓದುತ್ತೇನೆ. ಎಳ್ಳ ಅಮಾವಾಸ್ಯೆಯ ಕತೆ ಮುಗಿಯುತ್ತಲೇ ಪುಸ್ತಕ ಮುಚ್ಚಿ, ಮುಗೀತ್ರಿ ಅನ್ನುತ್ತೇನೆ. ಅವರು ಕೇಳುತ್ತಾರೆ, ನನಗೆ ಗೊತ್ತು:

"ಅಲ್ಲವ್ವಾ, ಕಡೀಕ ಜಾಗಾ ಸಿಕ್ತೇನ ಅವ್ರಿಗೆ?"

"ಇನ್ನೂ ಹುಡುಕಾಕತ್ತಾರಂತ್ರಿ, ಕಾಕಿ."